ಕ್ರೀಡಾ ಆಯ್ಕೆ ಮತ್ತು ಸಾಮಾನ್ಯ ಕಾಲೇಜು ಪ್ರವೇಶ: ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪ್ರದೇಶ

ಆಟೋಟದ ಸಾಧನೆಯನ್ನು ನೋಡಿ ವಿದ್ಯಾರ್ಥಿಯನ್ನು ಶಿಕ್ಷಣ ಸಂಸ್ಥೆಗೆ ಸೇರಿಸಿಕೊಳ್ಳುವ ಪದ್ಧತಿ ಕ್ರೀಡಾ ಆಯ್ಕೆ. ಪರೀಕ್ಷೆಯ ಅಂಕ, ರ‍್ಯಾಂಕ್ ಮತ್ತು ಮೀಸಲಾತಿ ನಿಯಮಗಳ ಪ್ರಕಾರ ಸೇರಿಸಿಕೊಳ್ಳುವುದು ಸಾಮಾನ್ಯ ಪ್ರವೇಶ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಇವೆರಡೂ ಜೊತೆಜೊತೆಯಾಗಿ ನಡೆಯುತ್ತವೆ. ಆದರೆ ಅವು ನಡೆಯುವ ಕಾಲ, ನಡೆಸುವ ಇಲಾಖೆ, ಕೇಳುವ ದಾಖಲೆ, ಕೊಡುವ ಸೌಲಭ್ಯ ಎಲ್ಲವೂ ಬೇರೆ. ಅಮೆರಿಕದಲ್ಲಿ ಕ್ರೀಡಾ ಆಯ್ಕೆ ಎಂಬುದು ಪದವಿ ಪ್ರವೇಶದ ಒಂದು ಭಾಗವೇ ಆಗಿದೆ. ಈ ಭಾಗದಲ್ಲಿ ಕ್ರೀಡಾಪಟುವಿನ ನಿಜವಾದ ಆಯ್ಕೆ ಪದವಿಗಿಂತ ಹಲವು ವರ್ಷ ಮೊದಲೇ, ಕ್ರೀಡಾ ವಸತಿ ನಿಲಯದ ಟ್ರಯಲ್ಸ್‌ನಲ್ಲಿ ಮುಗಿದಿರುತ್ತದೆ. ಪದವಿ ಕಾಲೇಜು ಆಮೇಲೆ ಬರುತ್ತದೆ. ಇಲ್ಲಿನ ವ್ಯವಸ್ಥೆಯ ಬಲವೂ ಕೊರತೆಯೂ ಬಹುಮಟ್ಟಿಗೆ ಈ ಒಂದು ವ್ಯತ್ಯಾಸದಿಂದ ಹುಟ್ಟಿವೆ.

ಹಿನ್ನೆಲೆ

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದವು. ಎರಡೂ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ವಿಜಯಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆ ರಚಿಸಿದಾಗ ಜಮಖಂಡಿ, ಮುಧೋಳ, ಬೀಳಗಿ ಅದರ ತಾಲ್ಲೂಕುಗಳಾದವು. ನೇಕಾರರ ಅವಳಿ ಪಟ್ಟಣವಾದ ರಬಕವಿ-ಬನಹಟ್ಟಿ ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ.

ಕುಸ್ತಿ ಈ ಭಾಗದ ಹಳೆಯ ಆಟ. ಊರೂರಿನ ಗರಡಿ ಮನೆಗಳಲ್ಲಿ ಉಸ್ತಾದರು ಹುಡುಗರನ್ನು ತಯಾರು ಮಾಡುತ್ತಿದ್ದರು. ಜಾತ್ರೆಗಳಲ್ಲಿ ಜಂಗೀ ನಿಕಾಲಿ ಕುಸ್ತಿ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ಹೆಚ್ಚಿನ ತಾಲೀಮು ಬೇಕಾದ ಪೈಲ್ವಾನರು ಕೊಲ್ಲಾಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಇಡೀ ಸೀಮೆಯ ಮಲ್ಲರಿಗೆ ದೊಡ್ಡ ಅಖಾಡವಾಗಿತ್ತು. ಪೈಲ್ವಾನನ ಊಟ, ಹಾಲು, ವಸತಿಯ ಹೊಣೆಯನ್ನು ಸಂಸ್ಥಾನಿಕರೋ ಊರಿನ ಗೌಡ, ಸಾಹುಕಾರರೋ ಹೊರುತ್ತಿದ್ದರು. ಆಟಗಾರನನ್ನು ಗುರುತಿಸಿ ಸಾಕುವ ಈ ಕ್ರಮಕ್ಕೂ ಶಾಲೆ ಕಾಲೇಜಿಗೂ ಸಂಬಂಧವಿರಲಿಲ್ಲ.

ಉನ್ನತ ಶಿಕ್ಷಣದ ದಾರಿ ಬೇರೆಯೇ ಇತ್ತು. ಓದುವ ಹುಡುಗರು ಧಾರವಾಡದ ಕರ್ನಾಟಕ ಕಾಲೇಜಿಗೆ (1917), ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೆ (1919) ಅಥವಾ ಪುಣೆಗೆ ಹೋಗಬೇಕಿತ್ತು. ಪುಣೆಯಲ್ಲಿ 1916ರಲ್ಲಿ ಆರಂಭವಾದ ನ್ಯೂ ಪೂನಾ ಕಾಲೇಜು ಜಮಖಂಡಿ ಸಂಸ್ಥಾನಿಕರ ದೇಣಿಗೆ ಪಡೆದು ಸರ್ ಪರಶುರಾಮಭಾವು ಕಾಲೇಜು ಎಂಬ ಹೆಸರು ಪಡೆಯಿತು. ಸ್ಥಳೀಯ ಕಾಲೇಜುಗಳು ಬೆಳೆದದ್ದು ಸಂಘ ಸಂಸ್ಥೆಗಳಿಂದ. 1906ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಮುಧೋಳದಲ್ಲಿ ಎಸ್.ಆರ್. ಕಂಠಿ ಕಾಲೇಜನ್ನು ನಡೆಸುತ್ತದೆ. ಫ.ಗು. ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಜಮಖಂಡಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಕಾಲೇಜನ್ನು ನಡೆಸುತ್ತದೆ. ಬನಹಟ್ಟಿಯಲ್ಲಿ ಜನತಾ ಶಿಕ್ಷಣ ಸಂಘದ ಎಸ್.ಟಿ.ಸಿ. ಕಾಲೇಜಿದೆ. ಇವುಗಳ ಜೊತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಬಂದವು.

ಈ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿದ್ದವು. 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಕ್ರೀಡೆಯ ದೃಷ್ಟಿಯಿಂದ ಈ ಬದಲಾವಣೆಗೆ ಅರ್ಥವಿದೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ತಂಡವನ್ನು ಆರಿಸುವುದು ವಿಶ್ವವಿದ್ಯಾಲಯ. ಅದರ ವ್ಯಾಪ್ತಿ ಕಿರಿದಾದಷ್ಟೂ ತಂಡದ ಸ್ಥಾನಕ್ಕೆ ಪೈಪೋಟಿ ನಡೆಸುವ ಕಾಲೇಜುಗಳು ಕಡಿಮೆಯಾಗಿ, ಸಣ್ಣ ಊರಿನ ಆಟಗಾರನಿಗೆ ವಿಶ್ವವಿದ್ಯಾಲಯದ ಜರ್ಸಿ ತೊಡುವ ಅವಕಾಶ ಹೆಚ್ಚುತ್ತದೆ.

ಸಾಮಾನ್ಯ ಪ್ರವೇಶದ ಕ್ರಮ

ಸಾಮಾನ್ಯ ಪ್ರವೇಶಕ್ಕೆ ಮೂರು ಹಂತಗಳಿವೆ. ಮೊದಲನೆಯದು ಎಸ್ಸೆಸ್ಸೆಲ್ಸಿ. 625 ಅಂಕಗಳಿಗೆ ವಿದ್ಯಾರ್ಥಿ ಪಡೆದದ್ದೆಷ್ಟು ಎಂಬುದರ ಮೇಲೆ ಪದವಿಪೂರ್ವ ಕಾಲೇಜು ಮತ್ತು ವಿಭಾಗ ನಿರ್ಧಾರವಾಗುತ್ತವೆ. ವಿಜ್ಞಾನ ವಿಭಾಗಕ್ಕೆ ಬೇಡಿಕೆ ಹೆಚ್ಚಿರುವುದರಿಂದ ಪೈಪೋಟಿ ಕಾಣುವುದು ಅಲ್ಲಿ. ಎರಡನೆಯದು 600 ಅಂಕಗಳ ದ್ವಿತೀಯ ಪಿಯುಸಿ. 2023-24ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂದಿದ್ದು, ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರು ಅದೇ ವರ್ಷ ಮತ್ತೆ ಬರೆಯಬಹುದು.

ಮೂರನೆಯ ಹಂತದಲ್ಲಿ ದಾರಿ ಕವಲೊಡೆಯುತ್ತದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮೊದಲಾದ ಸಾಮಾನ್ಯ ಪದವಿಗೆ 2021-22ರಿಂದ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದ ಮೂಲಕ ಅರ್ಜಿ ಹಾಕಲಾಗುತ್ತದೆ. ಕಾಲೇಜು ಅಂಕ ಮತ್ತು ಮೀಸಲಾತಿಯ ಪ್ರಕಾರ ಪಟ್ಟಿ ಮಾಡುತ್ತದೆ. ಎಂಜಿನಿಯರಿಂಗ್, ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಮೊದಲಾದ ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ನಡೆಸುತ್ತದೆ. ಪ್ರತಿ ವಿಷಯಕ್ಕೆ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಐಚ್ಛಿಕ ವಿಷಯಗಳ ಅಂಕ ಮತ್ತು ಸಿಇಟಿ ಅಂಕಗಳನ್ನು ಸಮಪಾಲಿನಲ್ಲಿ ಪರಿಗಣಿಸಲಾಗುತ್ತದೆ. ವೈದ್ಯಕೀಯಕ್ಕೆ ರಾಷ್ಟ್ರಮಟ್ಟದ ನೀಟ್ ಇದೆ.

ರ‍್ಯಾಂಕ್‌ನ ಮೇಲೆ ಮೀಸಲಾತಿಯ ಹಲವು ಪದರಗಳಿವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ ಇವು ಮೇಲಿನಿಂದ ಕೆಳಕ್ಕೆ ಸಾಗುವ ವಿಭಾಗಗಳು. ಇವೆಲ್ಲವನ್ನೂ ಅಡ್ಡಲಾಗಿ ಹಾಯ್ದು ಹೋಗುವ ಎರಡು ಮೀಸಲಾತಿಗಳು ಈ ತಾಲ್ಲೂಕುಗಳಿಗೆ ಬಹಳ ಮುಖ್ಯ: 1ರಿಂದ 10ನೇ ತರಗತಿವರೆಗೆ ಹತ್ತು ವರ್ಷ ಹಳ್ಳಿಯಲ್ಲಿ ಓದಿದವರಿಗೆ ಶೇ 15ರಷ್ಟು ಗ್ರಾಮೀಣ ಮೀಸಲಾತಿ ಮತ್ತು ಅಷ್ಟೇ ವರ್ಷ ಕನ್ನಡದಲ್ಲಿ ಓದಿದವರಿಗೆ ಶೇ 5ರಷ್ಟು ಕನ್ನಡ ಮಾಧ್ಯಮ ಮೀಸಲಾತಿ. ಬೀಳಗಿ ತಾಲ್ಲೂಕಿನ ಗಲಗಲಿ, ಜಮಖಂಡಿ ತಾಲ್ಲೂಕಿನ ಸಾವಳಗಿ, ಮುಧೋಳ ತಾಲ್ಲೂಕಿನ ಲೋಕಾಪುರದಂಥ ಊರುಗಳ ಸುತ್ತಲಿನ ಹಳ್ಳಿಯ ಮಕ್ಕಳು ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯ ವೃತ್ತಿಪರ ಕಾಲೇಜುಗಳನ್ನು ಮುಟ್ಟುವುದು ಸಾಮಾನ್ಯವಾಗಿ ಈ ಬಾಗಿಲುಗಳಿಂದ. ಕೃಷಿ ಮತ್ತು ತೋಟಗಾರಿಕೆ ಪದವಿಗಳಿಗೆ ರೈತರ ಮಕ್ಕಳಿಗಾಗಿ ಪ್ರತ್ಯೇಕ ಕೃಷಿಕರ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ.

ಕ್ರೀಡಾ ಆಯ್ಕೆಯ ಕ್ರಮ

ಕ್ರೀಡಾ ಆಯ್ಕೆಯ ಮೊದಲ ಮೆಟ್ಟಿಲು ಶಾಲಾ ಕ್ರೀಡಾಕೂಟ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಕ್ರಮದಲ್ಲಿ ಗೆದ್ದವರು ಮೇಲಕ್ಕೆ ಹೋಗುತ್ತಾರೆ. ಈ ನಾಲ್ಕೂ ತಾಲ್ಲೂಕುಗಳು ಬೆಳಗಾವಿ ವಿಭಾಗಕ್ಕೆ ಸೇರಿವೆ. ರಾಷ್ಟ್ರಮಟ್ಟದ ಶಾಲಾ ಪಂದ್ಯಗಳನ್ನು ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಲ್ಲಿ ನಡೆಸುತ್ತದೆ. ಇದಕ್ಕೆ ಸಮಾನಾಂತರವಾಗಿ ಆಯಾ ಕ್ರೀಡೆಯ ಸಂಸ್ಥೆಗಳು ನಡೆಸುವ ಚಾಂಪಿಯನ್‌ಷಿಪ್‌ಗಳು, ದಸರಾ ಕ್ರೀಡಾಕೂಟ, ಖೇಲೋ ಇಂಡಿಯಾ ಕೂಟಗಳು ಇವೆ.

ಎರಡನೆಯ ಮೆಟ್ಟಿಲು ವಸತಿ ನಿಲಯ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ರಾಜ್ಯದ ಹಲವು ಊರುಗಳಲ್ಲಿ ಕ್ರೀಡಾ ಶಾಲೆ ಮತ್ತು ವಸತಿ ನಿಲಯಗಳನ್ನು ನಡೆಸುತ್ತದೆ. ಕಿರಿಯರ ವಿಭಾಗಕ್ಕೆ ಶಾಲಾ ಮಕ್ಕಳನ್ನೂ ಹಿರಿಯರ ವಿಭಾಗಕ್ಕೆ ಕಾಲೇಜು ವಿದ್ಯಾರ್ಥಿಗಳನ್ನೂ ಆರಿಸಲಾಗುತ್ತದೆ. ಟ್ರಯಲ್ಸ್‌ನಲ್ಲಿ ಮಗುವಿನ ಎತ್ತರ, ತೂಕ, ಓಟದ ವೇಗ, ಜಿಗಿತ, ಎಸೆತಗಳನ್ನು ಅಳೆಯುತ್ತಾರೆ. ಆಮೇಲೆ ಆಯಾ ಆಟದ ಕೌಶಲ ನೋಡುತ್ತಾರೆ. ಆಯ್ಕೆಯಾದವರಿಗೆ ಊಟ, ವಸತಿ, ತರಬೇತಿ, ಕ್ರೀಡಾ ಸಾಮಗ್ರಿ ಸರ್ಕಾರದ ಖರ್ಚಿನಲ್ಲಿ ಸಿಗುತ್ತವೆ. ಓದು ಹತ್ತಿರದ ಶಾಲೆ ಅಥವಾ ಕಾಲೇಜಿನಲ್ಲಿ ನಡೆಯುತ್ತದೆ.

ಈ ಪ್ರದೇಶದ ಹೆಸರು ರಾಜ್ಯದ ಕ್ರೀಡಾ ನಕ್ಷೆಯಲ್ಲಿ ಎದ್ದು ಕಾಣುವುದು ಸೈಕ್ಲಿಂಗ್ ಮತ್ತು ಕುಸ್ತಿಯಿಂದ. ಬಾಗಲಕೋಟೆ ಮತ್ತು ವಿಜಯಪುರದ ಕ್ರೀಡಾ ವಸತಿ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ ಇವು ಕರ್ನಾಟಕದ ಸೈಕ್ಲಿಂಗ್ ಪಟುಗಳನ್ನು ರೂಪಿಸಿದ ತಾಣಗಳು. ಜಾತ್ರೆಯ ಸೈಕಲ್ ರೇಸಿನಲ್ಲಿ ಸಾದಾ ಸೈಕಲ್ ತುಳಿದು ಗೆದ್ದ ಹುಡುಗ ಹುಡುಗಿಯರು ಇಂಥ ನಿಲಯಗಳಿಗೆ ಬಂದ ಮೇಲೆಯೇ ರೇಸಿಂಗ್ ಸೈಕಲ್ ಮುಟ್ಟುತ್ತಾರೆ. ಲಕ್ಷಗಟ್ಟಲೆ ಬೆಲೆಯ ಆ ಸೈಕಲ್ಲನ್ನು ಕಬ್ಬಿನ ಗದ್ದೆಯ ಕೂಲಿಯಿಂದಲೋ ಮಗ್ಗದ ಆದಾಯದಿಂದಲೋ ಕೊಳ್ಳುವುದು ಆಗದ ಮಾತು. ಕುಸ್ತಿಯಲ್ಲಿ ದಾವಣಗೆರೆಯ ಕ್ರೀಡಾ ವಸತಿ ನಿಲಯ ಹೆಸರಾದದ್ದು. ಬಾಗಲಕೋಟೆ ಜಿಲ್ಲೆಯವರಾದ ಅರ್ಜುನ್ ಹಲಕುರ್ಕಿ ಅಲ್ಲಿ ತರಬೇತಿ ಪಡೆದು, 2020ರಲ್ಲಿ ನವದೆಹಲಿಯಲ್ಲಿ ನಡೆದ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನ ಗ್ರೀಕೊ-ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು.

ರಾಜ್ಯ ಇಲಾಖೆಯ ಹೊರತಾಗಿಯೂ ದಾರಿಗಳಿವೆ. ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರ ಧಾರವಾಡದಲ್ಲಿದೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿರುವ ಬಾಲಕರ ಕ್ರೀಡಾ ಕಂಪನಿ ಚಿಕ್ಕ ವಯಸ್ಸಿನ ಪೈಲ್ವಾನರನ್ನು ಆರಿಸಿ, ಓದಿಸಿ, ತರಬೇತಿ ಕೊಡುತ್ತದೆ. 2017-18ರಲ್ಲಿ ಆರಂಭವಾದ ಖೇಲೋ ಇಂಡಿಯಾ ಯೋಜನೆಯು ಆಯ್ದ ಕ್ರೀಡಾಪಟುಗಳಿಗೆ ಎಂಟು ವರ್ಷಗಳವರೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ನೆರವು ನೀಡುವ ಗುರಿಯೊಂದಿಗೆ ಬಂತು.

ಕಾಲೇಜುಗಳೇ ಆಟಗಾರರನ್ನು ಹುಡುಕಿಕೊಂಡು ಹೋಗುವ ಪದ್ಧತಿ ರಾಜ್ಯದಲ್ಲಿ ಗಟ್ಟಿಯಾಗಿ ಬೆಳೆದಿರುವುದು ಕರಾವಳಿಯಲ್ಲಿ ಮತ್ತು ಬೆಂಗಳೂರಿನಲ್ಲಿ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಮೋಹನ್ ಆಳ್ವರ ನೇತೃತ್ವದಲ್ಲಿ ಕ್ರೀಡಾ ದತ್ತು ಯೋಜನೆಯ ಮೂಲಕ ಆಟಗಾರರಿಗೆ ಉಚಿತ ಶಿಕ್ಷಣ, ಊಟ, ವಸತಿ ನೀಡುತ್ತದೆ; ಮಂಗಳೂರು ವಿಶ್ವವಿದ್ಯಾಲಯವು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಗೆದ್ದ ಪ್ರಶಸ್ತಿಗಳ ಹಿಂದೆ ಈ ಸಂಸ್ಥೆಯ ವಿದ್ಯಾರ್ಥಿಗಳ ಪಾಲು ದೊಡ್ಡದು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನ ಕ್ರೀಡಾ ನಿಲಯವೂ ಇದೇ ಬಗೆಯದು. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ 2022ರಲ್ಲಿ ತನ್ನ ಆತಿಥ್ಯದಲ್ಲೇ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಪದಕ ಪಟ್ಟಿಯ ಅಗ್ರಸ್ಥಾನ ಪಡೆಯಿತು. ಉತ್ತರ ಕರ್ನಾಟಕದ ಹಳ್ಳಿಯ ಮಕ್ಕಳು ಪಿಯುಸಿ ಹೊತ್ತಿಗೆ ಇಂಥ ಸಂಸ್ಥೆಗಳತ್ತ ಹೊರಡುವುದು ಈಗ ವಾಡಿಕೆ. ಹಾಗೆ ಹೊರಟ ಪ್ರತಿಯೊಬ್ಬ ಆಟಗಾರನೂ ಊರಿನ ಕಾಲೇಜಿನ ತಂಡಕ್ಕೆ ಆದ ನಷ್ಟ.

ವೃತ್ತಿಪರ ಕೋರ್ಸುಗಳಲ್ಲಿ ಕ್ರೀಡಾ ಕೋಟಾ

ಸಾಮಾನ್ಯ ಪ್ರವೇಶ ಮತ್ತು ಕ್ರೀಡಾ ಆಯ್ಕೆ ನೇರವಾಗಿ ಕೂಡುವ ಜಾಗ ಸಿಇಟಿಯ ವಿಶೇಷ ವರ್ಗ. ಎನ್‌ಸಿಸಿ, ಸೈನಿಕರ ಮಕ್ಕಳು, ಮಾಜಿ ಸೈನಿಕರ ಮಕ್ಕಳು, ಸ್ಕೌಟ್ಸ್ ಮತ್ತು ಗೈಡ್ಸ್ ಇವುಗಳ ಸಾಲಿನಲ್ಲಿ ಕ್ರೀಡೆಯೂ ಒಂದು ವರ್ಗ. ಅಭ್ಯರ್ಥಿಯು ಸಿಇಟಿ ಬರೆದಿರಬೇಕು, ಕೋರ್ಸಿಗೆ ಬೇಕಾದ ಕನಿಷ್ಠ ಅರ್ಹತೆ ಇರಬೇಕು. ಆಮೇಲೆ ಕ್ರೀಡಾ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಪರೀಕ್ಷಾ ಪ್ರಾಧಿಕಾರ ಗೊತ್ತುಪಡಿಸಿದ ದಿನ ಪರಿಶೀಲನೆಗೆ ಒಪ್ಪಿಸಬೇಕು. ಯಾವ ಮಟ್ಟದಲ್ಲಿ ಆಡಿದ್ದಾರೆ ಎಂಬುದರ ಮೇಲೆ ಪ್ರತ್ಯೇಕ ಕ್ರೀಡಾ ಪಟ್ಟಿ ತಯಾರಾಗುತ್ತದೆ. ಈ ಸೀಟುಗಳು ಇಡೀ ರಾಜ್ಯಕ್ಕೆ ಬಹಳ ಕಡಿಮೆ. ಆದ್ದರಿಂದ ಜಿಲ್ಲಾ ಮಟ್ಟದಲ್ಲಿ ಮೊದಲ ಸ್ಥಾನ ಪಡೆದವರಿಗೆ ಇದರಿಂದ ಪ್ರಯೋಜನವಿಲ್ಲ. ರಾಷ್ಟ್ರಮಟ್ಟದಲ್ಲಿ ಆಡಿದವರಲ್ಲೂ ಕೆಲವರಿಗಷ್ಟೇ ಅದು ದಕ್ಕುತ್ತದೆ.

ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಇದಕ್ಕಿಂತ ಭಿನ್ನ. ಅಲ್ಲಿ ಕ್ರೀಡಾ ಭಾಗವಹಿಸುವಿಕೆ ಪ್ರವೇಶದ ಅರ್ಹತೆಯಲ್ಲೇ ಸೇರಿದೆ ಮತ್ತು ದೈಹಿಕ ಸಾಮರ್ಥ್ಯದ ಪರೀಕ್ಷೆಯೂ ಇರುತ್ತದೆ. ಪದವಿಯವರೆಗೆ ಆಡಿದ ಎಷ್ಟೋ ಯುವಕ ಯುವತಿಯರಿಗೆ ಶಿಕ್ಷಕರಾಗುವ ದಾರಿಯಾದ್ದರಿಂದ ಈ ಭಾಗದಲ್ಲಿ ಅದಕ್ಕೆ ಬೆಲೆಯಿದೆ.

ಎರಡು ಪದ್ಧತಿಗಳ ಹೋಲಿಕೆ

ಕಾಲ: ಸಾಮಾನ್ಯ ಪ್ರವೇಶದ ತಿಂಗಳುಗಳು ಎಲ್ಲರಿಗೂ ಗೊತ್ತು. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮಳೆಗಾಲದಲ್ಲಿ ಕೌನ್ಸೆಲಿಂಗ್. ಕ್ರೀಡಾ ಆಯ್ಕೆಗೆ ಒಂದೇ ದಿನಾಂಕವಿಲ್ಲ. ಕ್ರೀಡಾ ಇಲಾಖೆ, ಕ್ರೀಡಾ ಪ್ರಾಧಿಕಾರ, ಸೇನೆ, ಖಾಸಗಿ ಕಾಲೇಜು ತಮ್ಮ ತಮ್ಮ ಸಮಯಕ್ಕೆ ಟ್ರಯಲ್ಸ್ ನಡೆಸುತ್ತವೆ. ಸಾಮಾನ್ಯ ವಿದ್ಯಾರ್ಥಿಯ ಭವಿಷ್ಯ 17-18ನೇ ವಯಸ್ಸಿನಲ್ಲಿ ತೀರ್ಮಾನವಾದರೆ, ಕ್ರೀಡಾಪಟುವಿನದು 10ರಿಂದ 16 ವರ್ಷದೊಳಗೆ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ತಡವಾಗಿ ಬೆಳೆಯುವ ಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತದೆ.

ಆಧಾರ: ಪರೀಕ್ಷೆಯ ಅಂಕ ಒಂದೇ ಅಳತೆಗೋಲು, ಜಮಖಂಡಿಯ ವಿದ್ಯಾರ್ಥಿಯ 540ಕ್ಕೂ ಬೆಂಗಳೂರಿನ ವಿದ್ಯಾರ್ಥಿಯ 540ಕ್ಕೂ ಬೆಲೆ ಒಂದೇ. ಕ್ರೀಡಾ ಆಯ್ಕೆಯಲ್ಲಿ ಎರಡು ಬಗೆಯ ಸಾಕ್ಷ್ಯ ಬೇಕು: ಆ ದಿನದ ಪ್ರದರ್ಶನ ಮತ್ತು ಹಿಂದಿನ ಪ್ರಮಾಣಪತ್ರ. ಮಾನ್ಯತೆ ಇರುವ ಸಂಸ್ಥೆ ಕೊಟ್ಟ ಪತ್ರಕ್ಕಷ್ಟೇ ಬೆಲೆ. ಜಾತ್ರೆಯ ಮಣ್ಣಿನ ಕುಸ್ತಿಯಲ್ಲಿ ಬೆಳ್ಳಿ ಗದೆ ಗೆದ್ದ ಪೈಲ್ವಾನನಿಗೆ ಬಹುಮಾನದ ಹಣ ಸಿಗುತ್ತದೆ, ಸುತ್ತಲಿನ ಊರುಗಳಲ್ಲಿ ಹೆಸರಾಗುತ್ತದೆ; ಆದರೆ ಪ್ರವೇಶದ ಮೇಜಿನ ಮುಂದೆ ಆ ಗದೆ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾಟ್ ಮೇಲಿನ ಕುಸ್ತಿಯ ಜಿಲ್ಲಾ, ರಾಜ್ಯ ಮಟ್ಟದ ಪತ್ರವೇ ಬೇಕು. ಸಂಗ್ರಾಣಿ ಕಲ್ಲು ಎತ್ತುವವರ, ಜಾತ್ರೆಯ ಸೈಕಲ್ ರೇಸಿನವರ ಸ್ಥಿತಿಯೂ ಇದೇ. ಈ ಪ್ರದೇಶದ ನಿಜವಾದ ಕ್ರೀಡಾ ಸಂಪತ್ತು ಯಾವ ಆಟಗಳಲ್ಲಿ ಇದೆಯೋ ಅವಕ್ಕೆ ಶಿಕ್ಷಣದ ದಾಖಲೆಯಲ್ಲಿ ಜಾಗವಿಲ್ಲದಿರುವುದು ದೊಡ್ಡ ಕೊರತೆ.

ತೀರ್ಪುಗಾರರು: ಸಾಮಾನ್ಯ ಪ್ರವೇಶದಲ್ಲಿ ತೀರ್ಪು ಕೊಡುವುದು ಪಟ್ಟಿ, ಮೌಲ್ಯಮಾಪಕ ವಿದ್ಯಾರ್ಥಿಯ ಮುಖ ನೋಡಿರುವುದಿಲ್ಲ. ಉತ್ತರ ಪತ್ರಿಕೆಯ ನಕಲು ಪಡೆದು ಮರು ಮೌಲ್ಯಮಾಪನ ಕೇಳುವ ಹಕ್ಕೂ ಇದೆ. ಕ್ರೀಡಾ ಆಯ್ಕೆಯಲ್ಲಿ ತರಬೇತುದಾರನ ಕಣ್ಣು ಮುಖ್ಯ. ಓಟ, ಸೈಕ್ಲಿಂಗ್, ಭಾರ ಎತ್ತುವಿಕೆಯಲ್ಲಿ ಗಡಿಯಾರ ಮತ್ತು ತೂಕವೇ ಹೇಳುತ್ತವೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್‌ನಲ್ಲಿ ಆಯ್ಕೆಗಾರರ ಅಭಿಪ್ರಾಯಕ್ಕೆ ಹೆಚ್ಚು ತೂಕ ಬರುತ್ತದೆ. ಅಲ್ಲಿ ವಶೀಲಿಯ ದೂರು ಬರುವುದೂ ಹೆಚ್ಚು. ಟ್ರಯಲ್ಸ್‌ನ ಅಂಕಗಳನ್ನು ಅಂದೇ ಪ್ರಕಟಿಸುವುದು, ಚಿತ್ರೀಕರಿಸುವುದು ಇದಕ್ಕೆ ಸರಳ ಪರಿಹಾರಗಳು.

ಸೀಟಿನ ಕೊರತೆ: ಈ ನಾಲ್ಕು ತಾಲ್ಲೂಕುಗಳಲ್ಲಿ ಬಿ.ಎ., ಬಿ.ಕಾಂ. ಸೀಟು ಸಿಗುವುದು ಸಾಮಾನ್ಯವಾಗಿ ಕಷ್ಟವಲ್ಲ. ಹಾಗಾಗಿ ಕ್ರೀಡೆಯಿಂದ ಆಟಗಾರನಿಗೆ ಸಿಗಬೇಕಾದದ್ದು ಸೀಟಿಗಿಂತ ಬೇರೆ: ಶುಲ್ಕ ವಿನಾಯಿತಿ, ಹೊಟ್ಟೆ ತುಂಬ ಊಟ, ನಿಲಯ, ತರಬೇತುದಾರ, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ. ವೃತ್ತಿಪರ ಕೋರ್ಸಿನಲ್ಲಿ ಸ್ಥಿತಿ ತಿರುವುಮುರುವು; ಅಲ್ಲಿ ಸೀಟೇ ವಿರಳ, ಮತ್ತು ಕ್ರೀಡೆ ಕೊಡುವುದು ಸೀಟನ್ನು ಮಾತ್ರ. ಹೋಲಿಕೆ ಮಾಡುವಾಗ ಈ ಎರಡನ್ನೂ ಬೆರೆಸಿದರೆ ಚಿತ್ರ ತಪ್ಪುತ್ತದೆ.

ಸ್ಥಿರತೆ: ಅಂಕದಿಂದ ಪಡೆದ ಸೀಟು ಪಾಸಾಗುತ್ತಾ ಹೋದರೆ ಪದವಿ ಮುಗಿಯುವವರೆಗೆ ಇರುತ್ತದೆ. ಕ್ರೀಡಾ ನಿಲಯದ ಸ್ಥಾನವನ್ನು ಪ್ರದರ್ಶನದಿಂದ ಉಳಿಸಿಕೊಳ್ಳಬೇಕು. ಮೊಣಕಾಲಿನ ಒಂದು ಗಾಯ ಊಟ, ವಸತಿ, ತರಬೇತಿ ಮೂರನ್ನೂ ಒಟ್ಟಿಗೆ ಕಿತ್ತುಕೊಳ್ಳಬಹುದು. ಓದಿನಲ್ಲಿ ಹಿಂದೆ ಬಿದ್ದಿದ್ದರೆ ಆಟಗಾರನಿಗೆ ಮರಳಿ ಹೋಗಲು ಜಾಗವಿರುವುದಿಲ್ಲ. ಕ್ರೀಡಾ ಆಯ್ಕೆಯ ಅತ್ಯಂತ ಕಠಿಣ ಮುಖ ಇದು.

ಖರ್ಚು: ಸಿಇಟಿ, ನೀಟ್‌ಗೆ ತಯಾರಾಗಲು ಕೋಚಿಂಗ್ ಶುಲ್ಕವನ್ನು ಕುಟುಂಬ ಭರಿಸುತ್ತದೆ. ಕ್ರೀಡೆಯಲ್ಲಿ ನಿಲಯಕ್ಕೆ ಆಯ್ಕೆಯಾದ ಮೇಲೆ ಖರ್ಚು ಸರ್ಕಾರದ್ದು. ಅದಕ್ಕೆ ಮುಂಚಿನ ಪೌಷ್ಟಿಕ ಆಹಾರ, ಬೂಟು, ಪ್ರಯಾಣದ ಖರ್ಚು ಕುಟುಂಬದ್ದೇ. ಎರಡರಲ್ಲೂ ಮೊದಲ ಮೆಟ್ಟಿಲೇ ಬಡವರಿಗೆ ಎತ್ತರ.

ಪ್ರವೇಶದ ನಂತರ

ಸ್ಥಳೀಯ ಕಾಲೇಜುಗಳಲ್ಲಿ ಕ್ರೀಡೆಯ ಇಡೀ ಹೊಣೆ ದೈಹಿಕ ಶಿಕ್ಷಣ ನಿರ್ದೇಶಕರ ಮೇಲಿರುತ್ತದೆ. ಜೂನ್, ಜುಲೈನಲ್ಲಿ ಹೊಸದಾಗಿ ಸೇರಿದವರಲ್ಲಿ ಯಾರು ಪ್ರೌಢಶಾಲೆಯಲ್ಲಿ ಆಡಿದ್ದರು ಎಂದು ಕೇಳಿ ತಿಳಿದು ತಂಡ ಕಟ್ಟುವವರು ಅವರೇ. ಅಮೆರಿಕದಲ್ಲಿ ಪ್ರವೇಶಕ್ಕೆ ಮೊದಲು ನಡೆಯುವ ಹುಡುಕಾಟ ಇಲ್ಲಿ ಪ್ರವೇಶದ ನಂತರ, ಕಾಲೇಜಿನ ಆವರಣದಲ್ಲೇ ನಡೆಯುತ್ತದೆ.

ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿದವರು ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗುತ್ತಾರೆ. ಹಾಗೆ ಪ್ರತಿನಿಧಿಸಿದವರನ್ನು ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುತ್ತಾರೆ. ಆ ಬ್ಲೇಜರ್‌ಗೆ ಊರಲ್ಲಿ ದೊಡ್ಡ ಗೌರವ. ಅಂತರ ವಿಶ್ವವಿದ್ಯಾಲಯ ಕೂಟಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. 1925ರಲ್ಲಿ ಸ್ಥಾಪನೆಯಾದ ಈ ಸಂಘದ ನಿಯಮದಂತೆ ಆಟಗಾರ 17ರಿಂದ 25 ವರ್ಷದೊಳಗಿನ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ಕ್ರೀಡೆಯಲ್ಲಿ ಒಟ್ಟಾರೆ ಅತ್ಯುತ್ತಮ ಎನಿಸಿದ ವಿಶ್ವವಿದ್ಯಾಲಯಕ್ಕೆ ಕೇಂದ್ರ ಸರ್ಕಾರ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ನೀಡುತ್ತದೆ.

ಪಂದ್ಯಗಳ ಕಾಲವೂ ಸೆಮಿಸ್ಟರ್ ಪರೀಕ್ಷೆಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಪ್ರಯೋಗಾಲಯದ ತರಗತಿ ತಪ್ಪಿಸಿಕೊಳ್ಳುವುದು ಕಷ್ಟವಾದ್ದರಿಂದ ಆಟಗಾರರು ವಿಜ್ಞಾನವನ್ನು ಬಿಟ್ಟು ಕಲಾ ವಿಭಾಗ ಹಿಡಿಯುವ ಪ್ರವೃತ್ತಿ ಇದೆ. ಪ್ರತಿಭೆಗಿಂತ ವೇಳಾಪಟ್ಟಿ ವಿಷಯವನ್ನು ಆರಿಸಿಕೊಟ್ಟಂತಾಗುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪಿಯುಸಿಯ ಹೊಸ ಪದ್ಧತಿ ಈ ಒತ್ತಡವನ್ನು ಸ್ವಲ್ಪ ತಗ್ಗಿಸಿದೆ. ಪದವಿಯಲ್ಲೂ ಆಟಗಾರರಿಗೆ ಬದಲಿ ಪರೀಕ್ಷೆಯ ಖಚಿತ ನಿಯಮ ಬೇಕಾಗಿದೆ.

ಓದು ಮುಗಿದ ಮೇಲೆ ಕ್ರೀಡಾ ಸಾಧನೆಗೆ ನಿಶ್ಚಿತ ಫಲ ಸಿಗುವುದು ನೌಕರಿಯಲ್ಲಿ. ರಾಜ್ಯ ಪೊಲೀಸ್, ಸೇನೆ, 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಇವು ಕ್ರೀಡಾಪಟುಗಳನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳುತ್ತವೆ. ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಮಕ್ಕಳನ್ನು ಸೈಕ್ಲಿಂಗ್‌ಗೋ ಕುಸ್ತಿಗೋ ಕಳಿಸುವಾಗ ಮನಸ್ಸಿನಲ್ಲಿರುವುದು ಕಾಲೇಜು ಸೀಟಿಗಿಂತ ಹೆಚ್ಚಾಗಿ ಈ ನೌಕರಿ.

ಹೊರಗಿನ ಮಾದರಿಗಳು

ದೆಹಲಿ ವಿಶ್ವವಿದ್ಯಾಲಯ ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆಗಳಿಗೆ ಒಟ್ಟು ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ಇಟ್ಟಿದೆ. 2022ರಲ್ಲಿ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂದ ಮೇಲೆ ಕ್ರೀಡಾ ಅಭ್ಯರ್ಥಿಯ ಪಟ್ಟಿಯಲ್ಲಿ ಶೇ 75ರಷ್ಟು ತೂಕ ಪ್ರಮಾಣಪತ್ರ ಮತ್ತು ಟ್ರಯಲ್ಸ್‌ಗೆ, ಶೇ 25ರಷ್ಟು ಪ್ರವೇಶ ಪರೀಕ್ಷೆಗೆ ಎಂದು ಗೊತ್ತುಮಾಡಲಾಯಿತು. ಐಐಟಿ ಮದ್ರಾಸ್ 2024-25ರಿಂದ ಪ್ರತಿ ಪದವಿ ಕೋರ್ಸಿಗೆ ಎರಡು ಹೆಚ್ಚುವರಿ ಕ್ರೀಡಾ ಸೀಟುಗಳನ್ನು ಆರಂಭಿಸಿತು. ಅವುಗಳಲ್ಲಿ ಒಂದು ಮಹಿಳೆಯರಿಗೆ. ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹರಾಗಿರಬೇಕು, ಹಿಂದಿನ ನಾಲ್ಕು ವರ್ಷಗಳಲ್ಲಿ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪದಕ ಗೆದ್ದಿರಬೇಕು. ಇವೆರಡರ ಹೆಚ್ಚುಗಾರಿಕೆ ಎಂದರೆ ಸಾಮಾನ್ಯ ವಿದ್ಯಾರ್ಥಿಯ ಸೀಟು ಕಡಿತವಾಗುವುದಿಲ್ಲ.

ಅಮೆರಿಕದಲ್ಲಿ ತರಬೇತುದಾರ ಹೈಸ್ಕೂಲ್ ಆಟಗಾರನನ್ನು ಹುಡುಕಿ, ಮನವೊಲಿಸಿ, ಪ್ರವೇಶ ಕಚೇರಿಗೆ ಹೆಸರು ಕೊಡುತ್ತಾನೆ. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಮೊದಲ ಮತ್ತು ಎರಡನೆಯ ವಿಭಾಗದ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುತ್ತವೆ. ಮೂರನೆಯ ವಿಭಾಗದವು ಕೊಡುವುದಿಲ್ಲ. ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳು 1954ರ ಒಪ್ಪಂದದಂತೆ ಕ್ರೀಡಾ ವಿದ್ಯಾರ್ಥಿವೇತನ ನೀಡುವುದಿಲ್ಲ, ಆದರೆ ಪ್ರವೇಶದಲ್ಲಿ ಆಟಗಾರರಿಗೆ ದೊಡ್ಡ ಆದ್ಯತೆ ಕೊಡುತ್ತವೆ. ಅವುಗಳಲ್ಲಿ ಒಂದಾದ ಹಾರ್ವರ್ಡ್‌ನ ಪ್ರವೇಶ ಪದ್ಧತಿಯ ವಿರುದ್ಧದ ಮೊಕದ್ದಮೆಯ 2018ರ ವಿಚಾರಣೆಯಲ್ಲಿ, ತರಬೇತುದಾರರು ಆರಿಸಿದ ಆಟಗಾರರಲ್ಲಿ ಸುಮಾರು ಶೇ 86ರಷ್ಟು ಮಂದಿಗೆ ಪ್ರವೇಶ ಸಿಗುತ್ತಿದ್ದುದು ಬೆಳಕಿಗೆ ಬಂತು. ಉಳಿದವರಿಗೆ ಅದು ಶೇ 6ರ ಆಸುಪಾಸಿನಲ್ಲಿತ್ತು. ಇಷ್ಟು ದೊಡ್ಡ ಅಂತರ ಮೋಸಕ್ಕೂ ದಾರಿ ಮಾಡಿತು. ಆಡದ ಆಟದ ಆಟಗಾರರೆಂದು ಶ್ರೀಮಂತರ ಮಕ್ಕಳನ್ನು ಲಂಚ ಕೊಟ್ಟು ಸೇರಿಸಿದ ಹಗರಣ 2019ರ ಮಾರ್ಚ್‌ನಲ್ಲಿ ಬಯಲಾಯಿತು. ಅಮೆರಿಕದ ಮಾದರಿಯಿಂದ ಕಲಿಯಬೇಕಾದ ಒಳ್ಳೆಯ ಅಂಶವೂ ಇದೆ: ಮೊದಲ ವಿಭಾಗದಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳನ್ನು ನಿಗದಿತ ಶ್ರೇಣಿಯಲ್ಲಿ ಮುಗಿಸಿರಲೇಬೇಕು. ಆಟಗಾರ ಓದನ್ನು ಕೈಬಿಡದಂತೆ ಈ ನಿಯಮ ಕಾಯುತ್ತದೆ.

ಕೊರತೆಗಳು ಮತ್ತು ಸುಧಾರಣೆ

ಈ ಪ್ರದೇಶದಲ್ಲಿ ಮೊದಲ ಕೊರತೆ ಮಾಹಿತಿಯದು. ಸಿಇಟಿಯ ದಿನಾಂಕ ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿರುತ್ತದೆ. ಕ್ರೀಡಾ ನಿಲಯದ ಟ್ರಯಲ್ಸ್ ಸುದ್ದಿ ದೈಹಿಕ ಶಿಕ್ಷಕರಿಲ್ಲದ ಶಾಲೆಯನ್ನು ತಲುಪುವುದೇ ಇಲ್ಲ. ಎರಡನೆಯದು ಹೆಣ್ಣುಮಕ್ಕಳದು. ಪ್ರೌಢಶಾಲೆಯವರೆಗೆ ಕಬಡ್ಡಿ, ಕೊಕ್ಕೊ ಆಡಿದ ಎಷ್ಟೋ ಹುಡುಗಿಯರನ್ನು ದೂರದ ನಿಲಯಕ್ಕೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಅಂಕದ ದಾರಿಯಲ್ಲಿ ಊರಿನ ಕಾಲೇಜೇ ಸಾಕಾಗುವುದರಿಂದ ಹುಡುಗಿ ಓದನ್ನು ಮುಂದುವರಿಸುತ್ತಾಳೆ, ಆಟ ಅಲ್ಲಿಗೇ ನಿಲ್ಲುತ್ತದೆ. ತಾಲ್ಲೂಕು ಕೇಂದ್ರದಲ್ಲೇ ಬಾಲಕಿಯರ ನಿಲಯ, ಮಹಿಳಾ ತರಬೇತುದಾರರು ಇದ್ದರೆ ಸ್ಥಿತಿ ಬದಲಾಗುತ್ತದೆ. ಮೂರನೆಯದು ಗಾಯಗೊಂಡವರದು, ಪದವಿ ಮುಗಿಯುವವರೆಗಾದರೂ ಅವರ ಊಟ, ವಸತಿಗೆ ಭರವಸೆ ಬೇಕು. ನಾಲ್ಕನೆಯದು ಪ್ರಮಾಣಪತ್ರದ್ದು. ಒಂದೇ ಕ್ರೀಡೆಗೆ ಹಲವು ಸಂಘಗಳಿದ್ದಾಗ ಯಾರ ಪತ್ರ ಮಾನ್ಯ ಎಂಬ ಗೊಂದಲದಲ್ಲಿ ಪ್ರಾಮಾಣಿಕ ಆಟಗಾರ ಸೀಟು ಕಳೆದುಕೊಳ್ಳುತ್ತಾನೆ. ಎಲ್ಲ ಪಂದ್ಯಗಳ ಫಲಿತಾಂಶವನ್ನು ಇಲಾಖೆಯ ಒಂದೇ ಕಡತದಲ್ಲಿ ದಾಖಲಿಸಿದರೆ ಗೊಂದಲವೂ ನಕಲಿ ಪತ್ರದ ಹಾವಳಿಯೂ ತಗ್ಗುತ್ತವೆ. ಜಾತ್ರೆಯ ಕುಸ್ತಿ, ಸೈಕಲ್ ರೇಸುಗಳಿಗೆ ಇಲಾಖೆಯ ತರಬೇತುದಾರರನ್ನು ವೀಕ್ಷಕರಾಗಿ ಕಳಿಸಿ, ಅಲ್ಲಿ ಮಿಂಚಿದ ಮಕ್ಕಳನ್ನು ನೇರವಾಗಿ ಟ್ರಯಲ್ಸ್‌ಗೆ ಕರೆಯುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ಕ್ರಮ.

ಅಂಕದ ಪದ್ಧತಿ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತದೆ, ಆದರೆ ದೇಹದ ಪ್ರತಿಭೆಯನ್ನು ಕಾಣುವುದಿಲ್ಲ. ಕ್ರೀಡಾ ಆಯ್ಕೆ ಆ ಪ್ರತಿಭೆಯನ್ನು ಕಾಣುತ್ತದೆ, ಆದರೆ ಬಹಳ ಬೇಗ ತೀರ್ಮಾನಿಸುತ್ತದೆ ಮತ್ತು ಸೋತವರನ್ನು ಕೈಬಿಡುತ್ತದೆ. ನಿಲಯದ ಟ್ರಯಲ್ಸ್ ಮತ್ತು ಪದವಿ ಪ್ರವೇಶದ ನಡುವೆ ಇರುವ ವರ್ಷಗಳಲ್ಲಿ ಆಟದ ಜೊತೆಗೆ ಓದಿನ ಹೊಣೆಯನ್ನೂ ಸಂಸ್ಥೆಗಳೇ ಹೊತ್ತಾಗ ಮಾತ್ರ ಕ್ರೀಡಾ ದಾರಿ ಸಾಮಾನ್ಯ ಪ್ರವೇಶದಷ್ಟೇ ಭದ್ರವಾಗುತ್ತದೆ.